ಅತ್ತೆ ತಿರುವಿನ ಆಚೆಯ ನೀಲಿ ಮನೆ

ಮಾರ್ಚ್ 3, ಸೋಮವಾರ

ಡೈರಿ ಬರೆಯುವ ವಯಸ್ಸೇನಲ್ಲ ಇದು. ಆದರೂ ಮಗಳು ತಂದು ಮೇಜಿನ ಮೇಲೆ ಕುಕ್ಕಿ ಹೋದಳು. ಅವಳ ಔಷಧಿ ಅಂಗಡಿಗೆ ಯಾವುದೋ ಕಂಪನಿಯವರು ಪುಕ್ಕಟೆ ಕೊಟ್ಟದ್ದು. ಪ್ರತಿ ಪುಟದ ತಳದಲ್ಲೂ ಒಂದು ಕೆಮ್ಮಿನ ಸಿರಪ್ಪಿನ ಬಾಟಲಿ.

"ಮಾತಾಡೋಕೆ ಮುಂಚೆ ಬರ್ಕೋ ಅಪ್ಪ. ಇಲ್ಲಾಂದ್ರೆ ನೀನು ಬಸ್ ಸ್ಟ್ಯಾಂಡು ಬಿಡೋದ್ರೊಳಗೆ ಕೇಳೋರು ನಿದ್ದೆ ಹೋಗಿರ್ತಾರೆ" ಅಂದಳು.

ವಿಷಯ ಇಷ್ಟು. ಬೆಟ್ಟದ ಹೊಟ್ಟೆಗೆ ಸುರಂಗ ಕೊರೆದು ಮುಗಿಯಿತು. ಮುಂದಿನ ತಿಂಗಳ ಕೊನೆಯಿಂದ ಲಾರಿ ಬಸ್ಸುಗಳೆಲ್ಲ ಅದರಲ್ಲೇ. ನಾನು ಕೆಲಸಕ್ಕೆ ಸೇರಿದಂದಿನಿಂದ ರಿಟೈರ್ ಆಗುವವರೆಗೆ ಬಸ್ಸು ಓಡಿಸಿದ ಘಾಟಿ ರಸ್ತೆ ಇನ್ನು ಬರೀ ಪ್ರವಾಸಿಗರಿಗೆ. ದೊಡ್ಡ ದೊಡ್ಡ ಗಾಜಿನ ಬಸ್ಸು ಬಿಡುತ್ತಾರಂತೆ. ಕೂತವರ ಕಿವಿಯಲ್ಲಿ ಒಂದು ದನಿ ರಸ್ತೆಯ ಚರಿತ್ರೆ, ದಾರಿಯ ನೋಟ ಎಲ್ಲ ಹೇಳುತ್ತಾ ಹೋಗುತ್ತದಂತೆ. ಆ ದನಿ ನನ್ನದಾಗಲಿ ಎಂದು ಪ್ರವಾಸ ಇಲಾಖೆಯ ಹುಡುಗಿ ಮನೆಗೇ ಬಂದು ಕೇಳಿದಳು. "ಹಳೇ ಡ್ರೈವರ್‌ಗಳಲ್ಲಿ ನೀವೊಬ್ರೇ ಸಾರ್ ಕಾಲೇಜು ಮೆಟ್ಟಿಲು ಹತ್ತಿದೋರು" ಅಂದಳು. ಹತ್ತಿದ್ದು ನಿಜ. ಅಪ್ಪ ತೀರಿಕೊಂಡ ವರ್ಷ ಇಳಿದದ್ದೂ ನಿಜ. ಇಂಗ್ಲಿಷ್ ಲೆಕ್ಚರರು ನನ್ನ ಪ್ರಬಂಧಗಳ ಮೇಲೆಲ್ಲ ಒಂದೇ ಮಾತು ಗೀಚುತ್ತಿದ್ದರು: ಕಮ್ ಟು ದಿ ಪಾಯಿಂಟ್.

ಒಪ್ಪಿಕೊಂಡೆ. ಹೆಂಡತಿ ಹೋಗಿ ಎರಡು ವರ್ಷವಾಯಿತು, ಅಂದಿನಿಂದ ನಾನು ಆ ರಸ್ತೆಯ ಕಡೆ ತಲೆ ಹಾಕಿಲ್ಲ. ಆದರೆ ಹೇಳುವುದಕ್ಕೆ ಹೋಗಿ ನೋಡಬೇಕೆಂದೇನಿಲ್ಲ. ಎಲ್ಲ ಬಾಯಿಪಾಠ.

ಮಾರ್ಚ್ 6, ಗುರುವಾರ

ಚರಿತ್ರೆ. ಮೊದಲು ಅದು ರಸ್ತೆಯೇ ಅಲ್ಲ, ಉಪ್ಪು ಹೊರುವ ಹೇಸರಗತ್ತೆಗಳ ಜಾಡು. ಕೆಳಗಿನ ಪಟ್ಟಣದಿಂದ ಉಪ್ಪು ಮೇಲಕ್ಕೆ, ಮೇಲಿನಿಂದ ಉಣ್ಣೆ ಕೆಳಕ್ಕೆ. ಆಮೇಲೆ ಮರದ ವ್ಯಾಪಾರಿಗಳು ಬಂದರು, ಜಾಡು ಅಗಲವಾಯಿತು. ರಸ್ತೆ ಮಾಡಲು ಬಂದ ಎಂಜಿನಿಯರು ತಿಂಗಳುಗಟ್ಟಲೆ ಅಳೆದು, ಸಾಕಾಗಿ, ಕೊನೆಗೆ ಒಂದು ಮುದಿ ಹೇಸರಗತ್ತೆಯ ಬೆನ್ನಿಗೆ ಸುಣ್ಣದ ತೂತು ಚೀಲ ಕಟ್ಟಿ ಬಿಟ್ಟನಂತೆ. ಅದು ಸುಣ್ಣ ಉದುರಿಸಿಕೊಂಡು ಹೋದಲ್ಲೆಲ್ಲ ರಸ್ತೆ. ಅದು ಮೇಯಲು ನಿಂತಲ್ಲಿ ತಿರುವು. ನಿಜವೋ ಸುಳ್ಳೋ, ಕೆಲವು ತಿರುವುಗಳಲ್ಲಿ ಸ್ಟಿಯರಿಂಗ್ ತಿರುಗಿಸುವಾಗ ಆ ಪ್ರಾಣಿಯನ್ನು ನಾನು ಬಾಯ್ತುಂಬ ಬೈದಿದ್ದೇನೆ.

ಬಸ್ ಸ್ಟ್ಯಾಂಡು, ಕಲ್ಲಿನ ಸೇತುವೆ, ಮರ ಕೊಯ್ಯುವ ಮಿಲ್ಲು, ಕಲ್ಲು ಗಣಿ. ಅಲ್ಲಿಂದ ಏರು. ಮೊದಲನೆಯದು ಕ್ಷೌರದ ತಿರುವು: ಬಂಡೆ ಎಷ್ಟು ಹತ್ತಿರವೆಂದರೆ ಬಸ್ಸಿನ ಎಡಗೆನ್ನೆಯ ಬಣ್ಣ ಹೆರೆದು ಕಳಿಸುತ್ತಿತ್ತು. ಆಮೇಲೆ ಅತ್ತೆ ತಿರುವು: ಎಷ್ಟು ಬಗ್ಗಿದರೂ ಸಾಲದು, ಇನ್ನೂ ಬಗ್ಗು ಅನ್ನುತ್ತದೆ. ಅದಾದ ಮೇಲೆ ಕಣಿವೆಯ ಅಂಚಿನಲ್ಲಿ ಉದ್ದಕ್ಕೆ ಒಂದು ಇಕ್ಕಟ್ಟಿನ ದಾರಿ, ನಿಲ್ಲಿಸುವಂತಿಲ್ಲ ಎಂದು ಇಲಾಖೆಯೇ ಗೋಡೆಯ ಮೇಲೆ ಬರೆಸಿದೆ. ಆಮೇಲೆ ಬೆಟ್ಟದ ನೆತ್ತಿ, ಹವಾಮಾನ ಕಚೇರಿ, ಅದರಾಚೆಗಿನ ಸಮತಟ್ಟು. ಎಂಜಿನ್ನು ಅಲ್ಲಿ ಉಸಿರು ಬಿಡುತ್ತಿತ್ತು, ಆದ್ದರಿಂದ ಡ್ರೈವರ್‌ಗಳ ಬಾಯಲ್ಲಿ ಅದು 'ಉಸ್ಸಪ್ಪ'. ಅಷ್ಟಾದರೆ ಮೇಲಿನ ಪಟ್ಟಣ.

ಸಂಜೆ ಮಗಳು ಕಾರಿನಲ್ಲಿ ಕನ್ನಡಕದ ಅಂಗಡಿಗೆ ಕರೆದುಕೊಂಡು ಹೋದಳು. ದಾರಿಯುದ್ದ ರೇಗಾಡಿದಳು.

"ಅಪ್ಪ, ಆ ಕಾಲು ಎತ್ತು. ನಿನ್ನ ಕಡೆ ಬ್ರೇಕಿಲ್ಲ."

"ನಾನೆಲ್ಲಿ ಒತ್ತಿದೆ?"

"ಮ್ಯಾಟ್ ನೋಡು. ಸುಕ್ಕುಗಟ್ಟಿ ಮುದ್ದೆ ಆಗಿದೆ. ಮೂರನೇದಿದು."

ಕಾಲಿನಿಂದಲೇ ಮ್ಯಾಟ್ ನೆಟ್ಟಗೆ ಮಾಡಿದೆ. ಅವಳು ಕ್ಲಚ್ಚಿನ ಮೇಲೆ ಕಾಲಿಟ್ಟುಕೊಂಡೇ ಓಡಿಸುತ್ತಾಳೆ. ಅದನ್ನು ಯಾರು ಹೇಳಬೇಕು?

ಮಾರ್ಚ್ 11, ಮಂಗಳವಾರ

ಇವತ್ತು ದಾರಿಯ ನೋಟ. ಒಂದು ವಿಷಯ ಮೊದಲೇ ಬರೆಯಬೇಕು. ನೋಡಿದವನು ನಾನಲ್ಲ. ಘಾಟಿಯಲ್ಲಿ ಡ್ರೈವರ್ ನೋಡುವುದು ಮುಂದಿನ ಡಾಂಬರು, ಎದುರು ಬರುವ ವಾಹನ, ಕನ್ನಡಿ. ಅಷ್ಟೆ. ಲೋಕವೆಲ್ಲ ದುಡ್ಡು ಕೊಟ್ಟು ನೋಡಲು ಬರುವ ಕಣಿವೆಗೆ ನಾನು ಕತ್ತು ತಿರುಗಿಸಿದವನಲ್ಲ. ತಿರುಗಿಸಿದ್ದರೆ ಈಗ ಬರೆಯುತ್ತಿರಲಿಲ್ಲ.

ನೋಡಿದವಳು ನನ್ನ ಹೆಂಡತಿ. ಹವಾಮಾನ ಕಚೇರಿಯಲ್ಲಿ ಕೆಲಸ. ಬೆಳಗ್ಗೆ ನನ್ನ ಬಸ್ಸಿನಲ್ಲೇ ಏರುವಳು, ಸಂಜೆ ನನ್ನ ಬಸ್ಸಿನಲ್ಲೇ ಇಳಿಯುವಳು. ಕೂರುತ್ತಿದ್ದದ್ದು ಸರಿಯಾಗಿ ನನ್ನ ಬೆನ್ನ ಹಿಂದೆ. 'ಚಾಲಕರೊಂದಿಗೆ ಮಾತನಾಡಬಾರದು' ಎಂಬ ಹಲಗೆಯ ಕೆಳಗೇ ಕೂತು, ಮನೆ ಬರುವವರೆಗೂ ಮಾತು.

"ರೀ, ನೀಲಿ ಮನೆ ಬಂತು. ಇವತ್ತು ಹಳದಿ ಹೊದಿಕೆ ಒಣಗಹಾಕಿದ್ದಾಳೆ."

"ಬಿಳಿ ಕುದುರೆ?"

"ಬೇಲಿ ಹತ್ರ ನಿಂತಿದೆ. ಸಿಟ್ಟು ಬಂದ ಹಾಗಿದೆ."

ಅತ್ತೆ ತಿರುವು ದಾಟಿದ ಮೇಲೆ, ಆ ಇಕ್ಕಟ್ಟಿನ ದಾರಿಯಲ್ಲಿ, ಕಣಿವೆಯ ಆಚೆ ಎದುರು ಇಳಿಜಾರಿನಲ್ಲಿ ನೀಲಿ ಸೂರಿನ ಮನೆ. ಒಬ್ಬಳೇ ಹೆಂಗಸು. ಹಗ್ಗದ ಮೇಲೆ ಬಟ್ಟೆ. ಒಂದು ವರ್ಷ ಅವಳ ತಮ್ಮನೋ ಯಾರೋ ಬಂದು ಮನೆಗೆ ಮೆಟ್ಟಿಲು ಕಟ್ಟಿದ. ಕಟ್ಟುತ್ತಿದ್ದಷ್ಟು ದಿನ ಎಷ್ಟು ಮೆಟ್ಟಿಲಾಯಿತು ಎಂದು ನಾನು ದಿನಾ ಕೇಳುತ್ತಿದ್ದೆ. ಕುದುರೆಗೆ ಕಾಲು ನೋವಾಗಿದ್ದ ವಾರ ನನಗೆ ಊಟ ಸೇರಲಿಲ್ಲ.

ರಿಟೈರಾದ ಮೇಲೆ, ಬಾ ಆ ಮನೆ ನೋಡಿಕೊಂಡು ಬರೋಣ ಎಂದು ಕರೆದೆ. ಒಂದು ಸಲ ಮಂಡಿ ನೋವು ಅಂದಳು. ಇನ್ನೊಂದು ಸಲ ಮೋಡ ಇದೆ, ಏನೂ ಕಾಣಲ್ಲ ಅಂದಳು. ಮೋಡದ ವಿಷಯದಲ್ಲಿ ಅವಳ ಮಾತು ಮೀರಲು ನಾನ್ಯಾರು? ಮಳೆ ಅಳೆಯುವ ಗಾಜಿನಲ್ಲಿ ಒಂದು ಹನಿ ಹೆಚ್ಚು ಬರೆಯದ ಹೆಂಗಸು ಅವಳು. ಇನ್ನೊಬ್ಬರು ಕಣ್ಣಳತೆಯಲ್ಲಿ ಬರೆದರೆ ಜಗಳಕ್ಕೇ ನಿಲ್ಲುತ್ತಿದ್ದಳು.

ಮಾರ್ಚ್ 14, ಶುಕ್ರವಾರ

ರೆಕಾರ್ಡಿಂಗ್ ಆಯಿತು. ಗೋಡೆಗೆಲ್ಲ ಸ್ಪಂಜು ಅಂಟಿಸಿದ ಕೋಣೆ, ಕೆಮ್ಮಿದರೆ ಕೆಮ್ಮೂ ಸದ್ದಿಲ್ಲದೆ ಸಾಯುತ್ತದೆ. ನೀಲಿ ಮನೆ ಬಂದಾಗ ಇಲಾಖೆಯ ಹುಡುಗಿ ಪೆನ್ನು ಕೆಳಗಿಟ್ಟು ಕೇಳಿದಳು. "ಇದೇ ಸಾರ್ ಬೇಕಾಗಿದ್ದಿದ್ದು. ಬೋರ್ಡಿನ ಮೇಲೆ ಆ ಮನೆ ಚಿತ್ರಾನೇ ಹಾಕಿಸ್ತೀವಿ" ಅಂದಳು.

ನನ್ನವಳು ಇದ್ದಿದ್ದರೆ ನಾಚಿಕೊಂಡು ಅಡಿಗೆಮನೆಗೆ ಹೋಗಿಬಿಡುತ್ತಿದ್ದಳು. ಸಂತೋಷವಾಗಿದೆ. ಇಷ್ಟು ದಿನದ ಮೇಲೆ ಎರಡು ಸಲ ಬಡಿಸಿಕೊಂಡೆ.

ಮಾರ್ಚ್ 22, ಶನಿವಾರ

ಹುಡುಗಿಯ ಫೋನು. ಊಟದ ಮೇಜಿನ ಮೇಲಿತ್ತು, ನನಗೆ ಕೈಯೊದ್ದೆ, ಮಗಳು ಸ್ಪೀಕರ್ ಒತ್ತಿದಳು. ಅಲ್ಲೇ ಎಡವಟ್ಟಾಯಿತು.

"ಸಾರ್, ಫೋಟೋದೋರ್ನ ಕರ್ಕೊಂಡು ಹೋಗಿದ್ವಿ. ಆ ಜಾಗದಲ್ಲಿ ಮನೆ ಇಲ್ಲ ಸಾರ್."

"ಬಿದ್ದುಹೋಗಿರಬೇಕಮ್ಮ. ಪಾಯ ನೋಡಿ."

"ಪಾಯ ಹಾಕೋಕೆ ಆಗಲ್ಲ ಸಾರ್ ಅಲ್ಲಿ. ಎದುರಿಗೆ ಬರೀ ಬಂಡೆ. ಗೋಡೆ ಥರ ನೆಟ್ಟಗೆ. ಒಂದು ಮೇಕೆ ಕೂಡ ನಿಲ್ಲಲ್ಲ."

ಜಾಗ ತಪ್ಪಿದ್ದೀರಿ ಅಂದೆ. ಎಡ ಬಲ ಗೊತ್ತಾಗುತ್ತಾ ಅಂದೆ. ಸ್ವಲ್ಪ ಜೋರಾಗೇ ಅಂದೆ. ಪಾಪ, ಸಾರಿ ಸಾರ್ ಅಂತ ಇಟ್ಟಳು. ಮಗಳು ನನ್ನನ್ನು ನೋಡಲಿಲ್ಲ, ತಟ್ಟೆ ನೋಡಿದಳು. ಅಳಿಯ, ಬಾಯಿಗೆ ಬೀಗ ಹಾಕಿಕೊಂಡೇ ಹುಟ್ಟಿದ ಮನುಷ್ಯ, "ಇನ್ನೊಂದ್ಸಲ ಹೋಗಿ ನೋಡ್ಲಿ ಬಿಡಿ ಮಾವ" ಅಂದ. ಅವನು ಮಾತಾಡಿದ ಅಂದರೆ ವಿಷಯ ಗಂಭೀರ.

ಮಾರ್ಚ್ 23, ಭಾನುವಾರ

"ಅಪ್ಪ, ಇವತ್ತು ಯಾವ ವಾರ?"

ಗೊತ್ತಿದ್ದೂ ಹೇಳಲಿಲ್ಲ.

ಮಾರ್ಚ್ 25, ಮಂಗಳವಾರ

ಗ್ಯಾಸ್ ಆರಿಸಿದ್ದೆ. ಮಗಳು ಮೂರು ಸಲ ಹೋಗಿ ನೋಡಿದಳು.

ಮಾರ್ಚ್ 28, ಶುಕ್ರವಾರ

ಮರೆವಿನ ಡಾಕ್ಟರ ಹತ್ತಿರ. ಗಡಿಯಾರ ಬರೆಯಿರಿ ಅಂದರು, ಬರೆದೆ. ಪ್ರಾಣಿಗಳ ಹೆಸರು ಹೇಳಿ ಅಂದರು. ಕುದುರೆ ಅಂದೆ. ಮುಂದೆ ಬಾಯಿ ಕಟ್ಟಿತು. ಬಿಳಿ ಕುದುರೆ ಬೇಲಿಯ ಹತ್ತಿರ ನಿಂತುಕೊಂಡುಬಿಟ್ಟಿತು, ಅದರ ಹಿಂದಿನ ಪ್ರಾಣಿಗಳಿಗೆ ದಾರಿ ಬಿಡಲಿಲ್ಲ. ಡಾಕ್ಟರು ಏನೋ ಬರೆದುಕೊಂಡರು. ಸ್ಕ್ಯಾನ್ ಮಾಡಿಸಿ, ಅಲ್ಲಿಯವರೆಗೆ ಒಬ್ಬರನ್ನೇ ಹೊರಗೆ ಕಳಿಸಬೇಡಿ ಅಂದರು. ನನಗಲ್ಲ, ಮಗಳಿಗೆ. ನಾನು ಅಲ್ಲೇ ಕೂತಿದ್ದೆ.

ಕಾರಿನಲ್ಲಿ ಮಗಳು, "ಹಗಲು ಹೊತ್ತು ನಿನ್ನ ಜೊತೆ ಇರೋಕೆ ಒಬ್ಬರನ್ನ ಗೊತ್ತು ಮಾಡ್ತೀನಪ್ಪ" ಅಂದಳು. ಮೆಲ್ಲಗೆ ಅಂದಳು. ರೇಗಿದ್ದರೆ ಚೆನ್ನಾಗಿತ್ತು. ಮ್ಯಾಟಿನ ಬಗ್ಗೆಯೂ ಏನೂ ಅನ್ನಲಿಲ್ಲ.

ಒಂದೋ ನನ್ನ ತಲೆ ಕೆಟ್ಟಿರಬೇಕು, ಇಲ್ಲವೇ ನನ್ನವಳು ಸುಳ್ಳು ಹೇಳಿರಬೇಕು. ಎರಡರಲ್ಲಿ ಒಂದನ್ನು ಬಿಟ್ಟುಕೊಡು ಅಂದರೆ ನಾನು ತಲೆಯನ್ನೇ ಬಿಟ್ಟುಕೊಡುತ್ತೇನೆ. ಆದರೆ ತಲೆ ಬಿಟ್ಟರೆ ಅವಳೂ ಅದರ ಜೊತೆಗೇ ಹೋಗುತ್ತಾಳಲ್ಲ. ಅವಳು ಇರುವುದು ಇನ್ನೆಲ್ಲಿ? ಎಕ್ಸ್‌ಪ್ಲೇನ್ ವಿತ್ ರೆಫರೆನ್ಸ್ ಟು ದಿ ಕಾಂಟೆಕ್ಸ್ಟ್ ಅಂತ ಕಾಲೇಜಿನ ಪರೀಕ್ಷೆಯಲ್ಲಿ ಪ್ರಶ್ನೆ ಬರುತ್ತಿತ್ತು. ನಾನು ಯಾವಾಗಲೂ ಆ ಪ್ರಶ್ನೆ ಬಿಟ್ಟು ಮುಂದಿನದಕ್ಕೆ ಹೋಗುತ್ತಿದ್ದೆ.

ಏಪ್ರಿಲ್ 3, ಗುರುವಾರ

ಹೋದೆ. ಮಗಳು ಅಂಗಡಿಗೆ ಹೋಗುವವರೆಗೆ ಹಲ್ಲುಜ್ಜುತ್ತಲೇ ಇದ್ದು, ಆಮೇಲೆ ಚೀಟಿ ಬರೆದಿಟ್ಟೆ: 'ಗ್ಯಾಸ್ ಆರಿಸಿದ್ದೇನೆ. ಇವತ್ತು ಗುರುವಾರ. ಘಾಟಿಗೆ ಹೋಗಿದ್ದೇನೆ.'

ಸಾದಾ ಬಸ್ಸು ಈ ತಿಂಗಳ ಕೊನೆಯವರೆಗೂ ಇದೆ. ಡ್ರೈವರ್ ಹಿಂದಿನ ಸೀಟು ಖಾಲಿ ಇತ್ತು. ಅವಳ ಸೀಟು. ಎಷ್ಟು ಸಲ ಓಡಿಸಿದ ದಾರಿ, ಪ್ರಯಾಣಿಕನಾಗಿ ಹೋದದ್ದು ಇದೇ ಮೊದಲು. ಸೇತುವೆ ದಾಟುವವರೆಗೆ ಡ್ರೈವರನ ತಲೆಯ ಮೇಲಿಂದ ರಸ್ತೆಯನ್ನೇ ನೋಡುತ್ತಿದ್ದೆ. ಗೇರು ತಡ ಮಾಡಿ ಹಾಕುತ್ತಾನೆ. ಮಿಲ್ಲು ದಾಟಿದ ಮೇಲೆ ಕಷ್ಟಪಟ್ಟು ಕತ್ತು ತಿರುಗಿಸಿದೆ. ಸೂಜಿ ಎಲೆಯ ಮರಗಳು ಎಷ್ಟು ಎತ್ತರ. ಅವುಗಳ ನೆರಳು ಮೂವತ್ತು ವರ್ಷ ನನ್ನ ಗಾಜಿನ ಮೇಲೆ ಪಟ್ಟೆ ಪಟ್ಟೆಯಾಗಿ ಬೀಳುತ್ತಿತ್ತು, ಮರಗಳನ್ನು ನೋಡಿದ್ದು ಇವತ್ತು. ಗಣಿಯ ಮೇಲ್ಗಡೆ ಒಂದು ಜಲಪಾತವಿದೆ, ಹಾಲಿನ ದಾರದ ಹಾಗೆ ಸಣ್ಣದು. ಅದನ್ನು ಅವಳು ಒಂದು ದಿನವೂ ಹೇಳಿರಲಿಲ್ಲ.

ಅತ್ತೆ ತಿರುವು ಕಳೆಯಿತು. ನಾನು ಕಿಟಕಿಗೆ ಹಣೆ ಒತ್ತಿಕೊಂಡೆ.

ಬಂಡೆ. ಬೂದಿ ಬಣ್ಣದ ಬಂಡೆ, ಆ ತುದಿಯಿಂದ ಈ ತುದಿಯವರೆಗೆ. ಮೇಲೆ ಕೆಳಗೆ ಎಲ್ಲೂ ಒಂದು ಹುಲ್ಲಿಲ್ಲ. ಹುಡುಗಿ ಹೇಳಿದ್ದು ಸರಿ, ಮೇಕೆ ನಿಲ್ಲುವುದಿಲ್ಲ.

ನೆತ್ತಿ ಬಂದದ್ದು, 'ಉಸ್ಸಪ್ಪ' ದಾಟಿದ್ದು ಗೊತ್ತಾಗಲಿಲ್ಲ.

ಮೇಲಿನ ಪಟ್ಟಣದ ಬಸ್ ಸ್ಟ್ಯಾಂಡಿನ ಎದುರು ನಮ್ಮ ಬಸ್ಸಿನ ಹಳೇ ಕಂಡಕ್ಟರನ ಗೂಡಂಗಡಿ. ಬಿಸ್ಕತ್ತು, ನೀರಿನ ಬಾಟಲಿ. ಹುಟ್ಟಿದಾಗಿನಿಂದ ಯಾರಿಗೂ ಸರಿಯಾಗಿ ಚಿಲ್ಲರೆ ಕೊಟ್ಟವನಲ್ಲ, ಆದ್ದರಿಂದ ಅವನ ಹೆಸರೇ ಚಿಲ್ಲರೆ. ಅವನ ಬಾಯಲ್ಲಿ ನಾನು ಇಂಗ್ಲಿಷ್, ನನ್ನವಳು ಅಕ್ಕ.

"ಏನ್ ಇಂಗ್ಲಿಷು, ಬದುಕಿದ್ದೀಯ? ಮುಖ ಯಾಕೆ ಪಂಕ್ಚರ್ ಆಗಿದೆ?"

ನಾನು ನೇರ ಕೇಳಿದೆ. ನೀಲಿ ಮನೆ ಎಲ್ಲಿ?

ಅವನು ಒಂದು ನೀರಿನ ಬಾಟಲಿ ಒರೆಸುತ್ತಿದ್ದ. ಒರೆಸಿ ಒಳಗಿಟ್ಟ. ಇನ್ನೊಂದು ತೆಗೆದು ಒರೆಸಿದ.

"ಅಂತೂ ಹೋಗಿ ನೋಡಿದೆಯಾ?" ಅಂದ. "ಇಲ್ಲ ಮಾರಾಯ. ಯಾವತ್ತೂ ಇರ್ಲಿಲ್ಲ."

"ನಿನಗೆ ಗೊತ್ತಿತ್ತಾ?"

"ಬಸ್ಸಿಗೆ ಬಸ್ಸೇ ಗೊತ್ತಿತ್ತು. ಸಂಜೆ ಬಸ್ಸಿಗೆ ಜನ ಯಾಕೆ ಹಾಗೆ ಮುಂದುಗಡೆ ಸೀಟಿಗೆ ಕಿತ್ತಾಡ್ತಿದ್ರು ಅಂದ್ಕೊಂಡಿದ್ದೀಯ, ನಿನ್ನ ಡ್ರೈವಿಂಗ್ ನೋಡೋಕಾ? ಕುದುರೆಗೆ ಕಾಲು ನೋವು ವಾಸಿ ಆಯ್ತಾ ಅಂತ ನನ್ನ ಕೇಳೋರು. ಒಬ್ಬ ಹೊಸಬ ಎಲ್ರೀ ಮನೆ, ಬರೀ ಕಲ್ಲು ಕಾಣ್ತಿದೆ ಅಂತ ಬಾಯಿ ತೆಗೆದ. ಮಿಲ್ಲಿನೋರು ಅವನ ತೊಡೆ ಹೇಗೆ ಚಿವುಟಿದ್ರು ಅಂದ್ರೆ ಮುಂದಿನ ಸ್ಟಾಪಲ್ಲೇ ಇಳ್ಕೊಂಡ."

ನನಗೆ ನಗು ಬರಲಿಲ್ಲ. ಯಾಕೆ ಅಂದೆ.

"ಮರೆತೆಯಾ? ಮದುವೆಯಾದ ಹೊಸದು. ಇಳಿಯೋವಾಗ ಅದೇ ಜಾಗದಲ್ಲಿ ಬಂಪರ್ ಗೋಡೆಗೆ ತರಚಿತು. ಕಲ್ಲು ಉರುಳಿ ಬಂತು ಅಂದೆ ನೀನು. ಅಕ್ಕ ಆಗ ನಡುವಿನ ಸೀಟಲ್ಲಿದ್ಲು. ಕನ್ನಡೀಲಿ ನಿನ್ನ ಕಣ್ಣು ಮುಚ್ಚಿದ್ದು ಕಂಡಿತ್ತಂತೆ ಅವಳಿಗೆ. ಅಲ್ಲಿ ನೋಡೋಕೆ ಏನೂ ಇಲ್ವಲ್ಲ, ಒಂದೇ ಸಮ ಬೂದಿ ಬಣ್ಣ, ಕೂತ ನನಗೇ ತೂಕಡಿಕೆ ಬರೋದು. ಮಾರನೇ ದಿನ ನಿನ್ನ ಬೆನ್ನ ಹಿಂದೆ ಬಂದು ಕೂತ್ಲು. ಅವತ್ತೇ ಆ ಮನೆ ಕಟ್ಟಿದ್ದು."

ಅಂಥ ಸಂಜೆ ನನಗೆ ನೆನಪೇ ಇಲ್ಲ. ಆಣೆಗೂ ಇಲ್ಲ. ಇದನ್ನು ಮರೆವಿನ ಡಾಕ್ಟರಿಗೆ ಹೇಳಬೇಕೋ ಬೇಡವೋ.

"ನಾನೇ ಒಂದ್ಸಲ ಅಕ್ಕನ್ನ ಕೇಳಿದ್ದೆ" ಅಂದ ಚಿಲ್ಲರೆ. "ಮಳೆ ಅಳೆಯೋರು ನೀವು, ಹೀಗೆ ಹೇಳ್ಬಹುದಾ ಅಂತ. ಅದಕ್ಕೆ ಅಂದ್ಲು, ಇಡೀ ದಿನ ಇದ್ದಿದ್ದನ್ನ ಇದ್ದ ಹಾಗೇ ಬರೆದು ಕೈ ಸೋತಿರುತ್ತೆ ಕಣೋ. ಸಂಜೆ ಒಂದಿಷ್ಟು ಇಲ್ಲದ್ದು ಹೇಳಿದ್ರೆ ಯಾವ ಮಳೆ ತಪ್ಪುತ್ತೆ?"

ಅದು ಅವಳದೇ ಮಾತು. ಯಾವ ಮಳೆ ತಪ್ಪುತ್ತೆ. ನನ್ನ ಕಿವಿಯಲ್ಲಿ ಅವಳ ದನಿಯಲ್ಲೇ ಕೇಳಿಸಿತು.

ಅಷ್ಟರಲ್ಲಿ ನನ್ನ ಫೋನು ಹೊಡೆದುಕೊಂಡಿತು, ಮಗಳು. ನಾನು ಎತ್ತಲಿಲ್ಲ, ಚಿಲ್ಲರೆ ಕಿತ್ತುಕೊಂಡು ಎತ್ತಿದ. "ಅಳಬೇಡ ಕಣಮ್ಮ, ನಿಮ್ಮಪ್ಪ ನನ್ನ ಮುಂದೇನೇ ಇದ್ದಾನೆ. ತಲೆ ಸರಿಯಾಗೇ ಇದೆ, ಮೊದಲು ಎಷ್ಟಿತ್ತೋ ಅಷ್ಟು" ಎಂದು ಶುರುಮಾಡಿ, ಬಂಪರಿನಿಂದ ಹಿಡಿದು ತೊಡೆ ಚಿವುಟಿದ್ದರ ತನಕ ಎಲ್ಲ ಹೇಳಿದ. ಗಿರಾಕಿಗಳು ಕಾದು ಕಾದು ಹೋದರು. ಆಮೇಲೆ ಫೋನು ನನ್ನ ಕೈಗೆ ಕೊಟ್ಟ.

"ಅಪ್ಪ."

"ಹೇಳಮ್ಮ."

"ನನಗೆ ಯಾಕೆ ಅಮ್ಮ ಆ ಮನೆ ಕಥೆ ಒಂದಿನಾನೂ ಹೇಳ್ಲಿಲ್ಲ? ಅಜ್ಜಿ ಹತ್ರ ಬಿಟ್ಟು ಬೆಳಗ್ಗೆ ಹೋಗಿ ಸಂಜೆ ಬರ್ತಿದ್ರಿ ಇಬ್ರೂ. ಬಂದ ತಕ್ಷಣ ಹೋಂವರ್ಕ್ ಮಾಡಿದ್ಯಾ ಅನ್ನೋಳು ಅಷ್ಟೆ."

ಬಸ್ಸಿನಲ್ಲೇ ಖರ್ಚಾಗಿರುತ್ತಿತ್ತು ಅನ್ನಲೇ? ಎಲ್ಲಿ ಊಟ ಮಾಡ್ದೆ ಅಂತ ಕೇಳಿದಳು. ಮಾಡಿಲ್ಲ ಅಂದೆ. ಆಗ ಬೈದಳು. ಕಿವಿ ತಂಪಾಯಿತು.

ಇಳಿಯುವಾಗ ಮತ್ತೆ ಅದೇ ಸೀಟು. ಬಂಡೆಯ ಮೇಲೆ ಇಳಿಬಿಸಿಲು ಬಿದ್ದಿತ್ತು. ಎಷ್ಟು ದೊಡ್ಡ ಬಂಡೆ, ಎಷ್ಟು ಖಾಲಿ. ಇಷ್ಟು ಜಾಗ ಬೇರೆಲ್ಲೂ ಸಿಕ್ಕಿರಲಿಕ್ಕಿಲ್ಲ ಅವಳಿಗೆ.

ಜಲಪಾತದ ವಿಷಯ ಮಾತ್ರ ಯೋಚಿಸುತ್ತಲೇ ಇದ್ದೇನೆ. ನಿಜವಾಗಿ ಇರುವುದನ್ನು ನಾನೇ ಯಾವತ್ತಾದರೂ ನೋಡಿಕೊಳ್ಳುತ್ತೇನೆ ಎಂದುಕೊಂಡಿದ್ದಳೋ ಏನೋ.

ಏಪ್ರಿಲ್ 8, ಮಂಗಳವಾರ

ಇಲಾಖೆಯ ಹುಡುಗಿಗೆ ಫೋನು ಮಾಡಿ ಕ್ಷಮೆ ಕೇಳಿದೆ. ನಡೆದದ್ದು ಹೇಳಿದೆ. ಅವಳು ಕುಣಿದಾಡಿದಳು. "ಸಾರ್, ಇದು ಇನ್ನೂ ಚೆನ್ನಾಗಿದೆ. ಇದನ್ನೇ ಹೇಳಿಬಿಡಿ ಸಾರ್ ರೆಕಾರ್ಡಿಂಗಲ್ಲಿ. ಇಲ್ಲದ ಮನೆ ಅಂತಲೇ ಬೋರ್ಡ್ ಹಾಕೋಣ."

ಬೇಡಮ್ಮ, ತೆಗೆದುಬಿಡಿ ಅಂದೆ. ಅಲ್ಲಿ ಬಂಡೆ ಇದೆ ಅನ್ನಿ, ಅದೂ ನೋಡುವ ಹಾಗೇ ಇದೆ. ಗಣಿಯ ಮೇಲಿನ ಜಲಪಾತ ಸೇರಿಸಿ.

"ಯಾಕೆ ಸಾರ್? ಅಷ್ಟು ಚೆನ್ನಾಗಿರೋದನ್ನ?"

"ಅದು ಕಿಟಕಿ ಆಚೆ ನೋಡೋಕಾಗೋರಿಗೆ ಹೇಳಿದ್ದಲ್ಲಮ್ಮ" ಅಂದೆ.

ಪಾಪ, ನಿರಾಸೆಯಾಯಿತು ಅವಳಿಗೆ. ಹೇಸರಗತ್ತೆಯನ್ನು ಇಟ್ಟುಕೊಳ್ಳಿ ಎಂದು ಸಮಾಧಾನ ಮಾಡಿದೆ. ಲೆಕ್ಚರರು ಇದ್ದಿದ್ದರೆ ಈ ಸಲವಾದರೂ ಕಮ್ ಟು ದಿ ಪಾಯಿಂಟ್ ಎಂದು ಗೀಚುತ್ತಿರಲಿಲ್ಲ.

ಏಪ್ರಿಲ್ 16, ಬುಧವಾರ

ಸ್ಕ್ಯಾನ್ ಬಂತು. ವಯಸ್ಸಿಗೆ ತಕ್ಕ ಹಾಗಿದೆಯಂತೆ. ಹಗಲು ನೋಡಿಕೊಳ್ಳುವವರ ಮಾತು ಮತ್ತೆ ಬರಲಿಲ್ಲ. ಗ್ಯಾಸ್ ಮಾತ್ರ ಮಗಳು ಈಗಲೂ ಒಂದು ಸಲ ನೋಡುತ್ತಾಳೆ. ನೋಡಲಿ. ಅವಳಮ್ಮನ ಅಭ್ಯಾಸ.

ಏಪ್ರಿಲ್ 27, ಭಾನುವಾರ

ಬುಧವಾರದಿಂದ ರಸ್ತೆ ನಮ್ಮಂಥವರಿಗೆ ಮುಚ್ಚುತ್ತದೆ. ಬೆಳಗ್ಗೆ ಮಗಳು ಕಾರಿನ ಕೀಲಿ ಹಿಡಿದು ಬಂದು ನಿಂತಳು.

"ಹೊರಡು. ಘಾಟಿಗೆ."

"ಘಾಟಿ ರಸ್ತೆಗೆ ಕಾರು ತರಲ್ಲ ಅಂತಿದ್ದೆಯಲ್ಲ?"

"ಅದೂ ಪಕ್ಕದಲ್ಲಿ ನಿನ್ನ ಕೂರಿಸ್ಕೊಂಡು. ಹುಚ್ಚು ನನಗೆ. ಹೊರಡು, ಮನಸ್ಸು ಬದಲಾಯಿಸೋದ್ರೊಳಗೆ."

ಗಣಿ ದಾಟಿದ ಮೇಲೆ ಅವಳ ಬೆರಳ ಗೆಣ್ಣುಗಳು ಸ್ಟಿಯರಿಂಗ್ ಮೇಲೆ ಬೆಳ್ಳಗಾಗಿದ್ದವು. ಜಲಪಾತ ಬಂತು ಅಂದೆ. ನೋಡೋಕಾಗಲ್ಲಪ್ಪ ಅಂದಳು. ನೀನು ನೋಡಬೇಡ, ನಾನು ಹೇಳುತ್ತೇನೆ ಅಂದೆ, ಹೇಳಿದೆ. ನೀರು ಹೇಗೆ ಎರಡಾಗಿ ಸೀಳಿ ಕೆಳಗೆ ಮತ್ತೆ ಒಂದಾಗುತ್ತದೆ, ತಳದಲ್ಲಿ ಒಂದು ಕೆಂಪು ಹಕ್ಕಿ ಹೇಗೆ ನೆನೆಯುತ್ತಾ ಕೂತಿದೆ. ಕ್ಷೌರದ ತಿರುವಿನಲ್ಲಿ ಎದುರಿಗೆ ಲಾರಿ ಬಂತು, ಕಾರನ್ನು ಬಂಡೆಯ ಕಡೆಗೆ ಚೆನ್ನಾಗಿ ಒತ್ತಿಕೊಂಡಳು. ಲಾರಿಯವನು ಕೈಯೆತ್ತಿ ಹೋದ. ಅತ್ತೆ ತಿರುವಿನಲ್ಲಿ ಎರಡು ಸಲ ಹಿಂದೆ ಮುಂದೆ ಮಾಡಬೇಕಾಯಿತು. ಎಲ್ಲರೂ ಮಾಡುತ್ತಾರೆ.

ಆಮೇಲೆ ಆ ಇಕ್ಕಟ್ಟಿನ ದಾರಿ. ಅವಳು ರಸ್ತೆಯಿಂದ ಕಣ್ಣು ಕೀಳಲಿಲ್ಲ. ಹುಬ್ಬಿನ ಮೇಲೆ ಬೆವರು. ಚಿಕ್ಕವಳಿದ್ದಾಗ ಲೆಕ್ಕ ಬಿಡಿಸುವಾಗ ಹಾಗೆಯೇ ಇರುತ್ತಿತ್ತು ಅವಳ ಮುಖ.

"ಅಪ್ಪ" ಅಂದಳು. "ಮನೆ ಬಂತಾ?"

ನಾನು ಕಣಿವೆಯಾಚೆ ನೋಡಿದೆ.

"ಬಂತು" ಅಂದೆ.

"ಹಳದಿ ಹೊದಿಕೇನಾ ಇವತ್ತು?"

"ಒಣಗಿದೆ. ತೆಗೀತಿದ್ದಾಳೆ. ಮಡಚಿ ತೋಳ ಮೇಲೆ ಹಾಕ್ಕೊಂಡ್ಲು. ಒಂದು ಕ್ಲಿಪ್ಪು ಬಾಯಲ್ಲಿದೆ."

"ಕುದುರೆ?"

"ಅದಕ್ಕೆ ವಯಸ್ಸಾಯ್ತಮ್ಮ. ಬಿಸಿಲಲ್ಲಿ ನಿಂತಿದೆ. ನಿನ್ನ ಕಾರನ್ನೇ ನೋಡ್ತಿದೆ."

ಅವಳು ಹ್ಞೂಂ ಅಂದಳು, ಗೇರು ಬದಲಿಸಿದಳು. ಕ್ಲಚ್ಚಿನಿಂದ ಕಾಲು ತೆಗೆದದ್ದು ನನ್ನ ಕಿವಿಗೇ ಕೇಳಿಸಿತು.

ರಾತ್ರಿ ಊಟ ಆದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಕಾರಿನಿಂದ ಇಳಿಯುವಾಗ ನೋಡಿದೆ, ನನ್ನ ಕಾಲಡಿಯ ಮ್ಯಾಟಿನ ಮೇಲೆ ಒಂದು ಸುಕ್ಕಿಲ್ಲ. ಮತ್ತೆ ಹೊಸದು ಹಾಕಿಸಿದ್ದಾಳೆ ಅಂತ ಕಾಣುತ್ತದೆ.